ಗಾಡಿ ನನ್ನದು, ದಾರಿ ಕಚೇರಿಯದು

ಸ್ವಂತ ಬೈಕಿನಲ್ಲಿ ಕಚೇರಿ ಕೆಲಸಕ್ಕೆ ಹಳ್ಳಿ ಸುತ್ತುವ ನೌಕರನಿಗೆ ಕಿಲೋಮೀಟರಿಗೆ ಎಷ್ಟು ಕೊಟ್ಟರೆ ನ್ಯಾಯ? ಪೆಟ್ರೋಲ್ ಚೀಟಿ ನೋಡಿ ಹೇಳುವಷ್ಟು ಸುಲಭದ ಲೆಕ್ಕ ಇದಲ್ಲ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮಕ್ಕಳಿಗೆ ಹೇಳುವ ಕಥೆಯೊಂದುಂಟು. ಅವರ ಮೇಜಿನ ಮೇಲೆ ಎರಡು ಮೇಣದ ಬತ್ತಿಗಳು ಇರುತ್ತಿದ್ದವಂತೆ. ಸರ್ಕಾರಿ ಕಾಗದಪತ್ರ ನೋಡುವಾಗ ಸರ್ಕಾರದ ಬತ್ತಿ ಉರಿಯುತ್ತಿತ್ತು. ಮನೆಗೆ ಪತ್ರ ಬರೆಯಬೇಕಾದರೆ ಅದನ್ನು ಆರಿಸಿ, ತಮ್ಮ ದುಡ್ಡಿನಲ್ಲಿ ಕೊಂಡ ಬತ್ತಿ ಹಚ್ಚುತ್ತಿದ್ದರಂತೆ. ಕಥೆಯಲ್ಲಿ ನಿಜವೆಷ್ಟೋ, ಬಾಯಿಂದ ಬಾಯಿಗೆ ಬೆಳೆದದ್ದೆಷ್ಟೋ, ಅದರ ನೀತಿಯಂತೂ ಸ್ಪಷ್ಟ. ಸರ್ಕಾರದ ವಸ್ತು ಸ್ವಂತಕ್ಕೆ ಬಳಕೆಯಾಗಬಾರದು.

ಈ ನೀತಿಯನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅದನ್ನೇ ತಿರುಗಿಸಿ ಕೇಳಿದರೆ ಹೇಗೆ? ಸ್ವಂತದ ಬತ್ತಿಯಲ್ಲಿ ಸರ್ಕಾರದ ಕೆಲಸ ನಡೆದರೆ ಆ ಮೇಣದ ಖರ್ಚು ಯಾರದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳಲ್ಲಿ ಬೆಳಗಿನ ಹತ್ತರ ಸುಮಾರಿಗೆ ತಾಲ್ಲೂಕು ಕಚೇರಿ, ತಾಲ್ಲೂಕು ಪಂಚಾಯಿತಿ, ಪಶು ಆಸ್ಪತ್ರೆಗಳ ಅಂಗಳದಲ್ಲಿ ಸಾಲಾಗಿ ನಿಂತ ಬೈಕು, ಸ್ಕೂಟರುಗಳನ್ನು ನೋಡಿದರೆ ಪ್ರಶ್ನೆ ಅರ್ಥವಾದೀತು. ಇಲಾಖೆಯ ಹೆಸರು ಬರೆದ ಜೀಪು ಒಂದೋ ಎರಡೋ. ಉಳಿದದ್ದೆಲ್ಲ ನೌಕರರ ಸ್ವಂತ ಗಾಡಿಗಳು. ಕಂತು ಕಟ್ಟುತ್ತಿರುವವರು ಅವರೇ, ಪೆಟ್ರೋಲ್ ಹಾಕಿಸುವವರೂ ಅವರೇ. ಮಧ್ಯಾಹ್ನದ ಹೊತ್ತಿಗೆ ಆ ಸಾಲು ಕರಗಿ ಹೋಬಳಿ ಹೋಬಳಿಗೆ ಹಂಚಿಹೋಗಿರುತ್ತದೆ. ರೇಷ್ಮೆ ಇಲಾಖೆಯವರು ಹುಳು ಮನೆಗೆ, ಪಶುವೈದ್ಯಕೀಯ ಪರೀಕ್ಷಕರು ಕೊಟ್ಟಿಗೆಗೆ, ಗ್ರಾಮ ಆಡಳಿತ ಅಧಿಕಾರಿ ಬೆಳೆ ಸಮೀಕ್ಷೆಗೆ, ಆರೋಗ್ಯ ಸುರಕ್ಷಾಧಿಕಾರಿ ಬಾಣಂತಿಯ ಮನೆಗೆ, ಅಂಗನವಾಡಿ ಮೇಲ್ವಿಚಾರಕಿ ಕೇಂದ್ರಗಳಿಗೆ, ಸಿ.ಆರ್.ಪಿ. ಶಾಲೆಗಳಿಗೆ. ಇವರ ಜೊತೆಗೆ ಖಾಸಗಿ ಕಂಪನಿಯವರು: ಔಷಧ ಕಂಪನಿಯ ಪ್ರತಿನಿಧಿ, ಬೀಜ-ಗೊಬ್ಬರದ ಮಾರಾಟಗಾರ, ಹನಿ ನೀರಾವರಿ ಸಾಮಗ್ರಿಯ ಹುಡುಗ, ವಾರದ ಕಂತು ವಸೂಲಿಗೆ ಹೊರಟ ಕಿರುಸಾಲ ಸಂಸ್ಥೆಯ ನೌಕರ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹುಟ್ಟಿದ ಈ ಜಿಲ್ಲೆಯ ವಿಸ್ತೀರ್ಣ 4,200 ಚದರ ಕಿ.ಮೀ.ಗೂ ಹೆಚ್ಚು. ಜಿಲ್ಲಾ ಕೇಂದ್ರದಿಂದ ಶಿಡ್ಲಘಟ್ಟವೇನೋ ಹತ್ತಿರ, ಹದಿನೈದು ಕಿ.ಮೀ. ಆಸುಪಾಸು. ಆದರೆ ಗೌರಿಬಿದನೂರು ಒಂದು ದಿಕ್ಕಿಗೆ, ಚಿಂತಾಮಣಿ ಇನ್ನೊಂದು ದಿಕ್ಕಿಗೆ. ಎರಡೂ ಮೂವತ್ತೈದು-ನಲವತ್ತು ಕಿ.ಮೀ. ದೂರ. ರೈಲಿನ ಕಥೆ ಇನ್ನೂ ಸ್ವಾರಸ್ಯ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರಕ್ಕೆ ಹೋಗುವ ಒಂದು ಹಳಿಯ ಮೇಲಿವೆ. ಹಿಂದೆ ಪುಟ್ಟ ರೈಲು ಓಡುತ್ತಿದ್ದ ಈ ಮಾರ್ಗದ ಬ್ರಾಡ್‌ಗೇಜ್ ಕೆಲಸ 2013ರಲ್ಲಿ ಮುಗಿಯಿತು. ಗೌರಿಬಿದನೂರು ಇರುವುದು ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ಬೇರೊಂದು ಹಳಿಯ ಮೇಲೆ. ಎರಡು ಹಳಿಗಳ ನಡುವೆ ನಂದಿಯ ಬೆಟ್ಟಸಾಲು. ಇನ್ನು ಹಳ್ಳಿಗಳ ಮಾತು ಹೇಳುವುದೇ ಬೇಡ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಹಳ್ಳಿಗೆ ಹೋಗಿ ಅರ್ಧ ಗಂಟೆಯ ಕೆಲಸ ಮುಗಿಸಿ ಮುಂದಿನ ಹಳ್ಳಿಗೆ ಹೋಗಬೇಕಾದವನು ಸ್ವಂತ ಗಾಡಿ ಇಡದೆ ಗತಿಯಿಲ್ಲ. ನೇಮಕಾತಿ ಆದೇಶದಲ್ಲಿ 'ಬೈಕ್ ಇರಬೇಕು' ಎಂಬ ಮಾತು ಇಲ್ಲದಿರಬಹುದು. ಕೆಲಸವೇ ಆ ಮಾತನ್ನು ಹೇಳುತ್ತದೆ.

ಭತ್ತದಿಂದ ಬಂದ ಭತ್ಯೆ

ಸಂಬಳದ ಮೇಲೆ ಕೆಲಸದ ಖರ್ಚಿಗೆಂದು ಕೊಡುವ ಹಣ ಹೊಸದೇನಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ದಂಡಿನ ಜೊತೆ ಹೊರಟ ಅಧಿಕಾರಿಗಳಿಗೆ ಕೊಡುತ್ತಿದ್ದ ಹೆಚ್ಚುವರಿ ಹಣಕ್ಕೆ 'ಬಟ್ಟಾ' ಎಂಬ ಹೆಸರಿತ್ತು. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್ ಜಾಬ್ಸನ್' ಎಂಬ ಪ್ರಸಿದ್ಧ ನಿಘಂಟು ಈ ಮಾತಿನ ಬೇರನ್ನು ಹುಡುಕುತ್ತ ಬಂದು ನಿಂತದ್ದು ಕನ್ನಡದ 'ಭತ್ತ'ದ ಹತ್ತಿರ! ಪೋರ್ಚುಗೀಸರ ಬಾಯಲ್ಲಿ ಭತ್ತ 'ಬಾತಾ' ಆಗಿ, ಕಾಳಿನ ರೂಪದಲ್ಲಿ ಕೊಡುತ್ತಿದ್ದ ಹೊಟ್ಟೆಪಾಡಿನ ಪಾಲು ಕಡೆಗೆ ಹಣದ ಭತ್ಯೆಯಾಯಿತು ಎಂಬುದು ಆ ಪಂಡಿತರ ಊಹೆ.

ಈ ಬಟ್ಟಾ ಸಾಮಾನ್ಯದ ವಿಷಯವಾಗಿರಲಿಲ್ಲ. 1766ರಲ್ಲಿ ಬಂಗಾಳದಲ್ಲಿ ರಾಬರ್ಟ್ ಕ್ಲೈವ್ 'ಇಮ್ಮಡಿ ಬಟ್ಟಾ' ನಿಲ್ಲಿಸಿದಾಗ ಬಿಳಿಯ ಅಧಿಕಾರಿಗಳೇ ಗುಂಪುಗಟ್ಟಿ ರಾಜೀನಾಮೆ ಕೊಟ್ಟು ದಂಗೆ ಎದ್ದರು. ಅವರ ದೃಷ್ಟಿಯಲ್ಲಿ ಅದು ದುಡಿಮೆಯ ಭಾಗ, ಕ್ಲೈವನ ದೃಷ್ಟಿಯಲ್ಲಿ ಅದು ದಂಡವೆಚ್ಚ. ಭತ್ಯೆ ಎಂದರೆ ಖರ್ಚು ಭರ್ತಿಯೋ, ಕೈಗೆ ಸಿಗುವ ಲಾಭವೋ ಎಂಬ ಈ ಜಗಳ ಎರಡೂವರೆ ಶತಮಾನ ಕಳೆದರೂ ಪೂರ್ತಿ ಬಗೆಹರಿದಿಲ್ಲ.

ಬ್ರಿಟಿಷರ ನಿಯಮಗಳ ನೆರಳು ಇಂದಿನ ಲೆಕ್ಕದಲ್ಲೂ ಉಂಟು. ಕೇಂದ್ರ ಸರ್ಕಾರದ ನಿಯಮಗಳಲ್ಲಿ ನೌಕರನು ಕೆಲಸದ ಸ್ಥಳದಿಂದ 8 ಕಿ.ಮೀ. ದಾಟಿದರೆ ಮಾತ್ರ ದಿನಭತ್ಯೆಯ ಪ್ರಶ್ನೆ ಏಳುತ್ತದೆ. ಏಳಲ್ಲ, ಒಂಬತ್ತಲ್ಲ, ಎಂಟೇ ಏಕೆ? ಹಳೆಯ ನಿಯಮದಲ್ಲಿದ್ದದ್ದು ಐದು ಮೈಲಿ. ಮೈಲಿ ಹೋಗಿ ಕಿಲೋಮೀಟರ್ ಬಂದಾಗ ಐದು ಮೈಲಿ ಎಂಟು ಕಿ.ಮೀ. ಆಯಿತು, ಅಷ್ಟೆ. ಕಾಲ್ನಡಿಗೆ ಮತ್ತು ಕುದುರೆಯ ಕಾಲದ ಅಳತೆಯೊಂದು ಹೀಗೆ ಬೈಕಿನ ಕಾಲಕ್ಕೂ ಉಳಿದುಬಂದಿದೆ.

ನಿಯಮದ ಪುಸ್ತಕದಲ್ಲಿ ಏನಿದೆ?

ಪ್ರಯಾಣದ ಖರ್ಚನ್ನು ತುಂಬಿಕೊಡುವ ದಾರಿಗಳು ಸ್ಥೂಲವಾಗಿ ಮೂರು. ಒಂದು, ಟಿಕೆಟಿನ ದರ: ಬಸ್ಸು ಅಥವಾ ರೈಲಿಗೆ ಎಷ್ಟಾಗುತ್ತದೋ ಅಷ್ಟು. ಎರಡು, ತಿಂಗಳಿಗಿಷ್ಟು ಎಂಬ ನಿಗದಿತ ಪ್ರಯಾಣ ಭತ್ಯೆ. ಮೂರು, ಓಡಿದ ದೂರಕ್ಕೆ ಕಿಲೋಮೀಟರ್ ಲೆಕ್ಕದ ಭತ್ಯೆ.

ಮೂರನೆಯ ದಾರಿಗೆ ಕೇಂದ್ರ ಸರ್ಕಾರದ ಆದೇಶಗಳು ಒಳ್ಳೆಯ ಉದಾಹರಣೆ. ಸಾರಿಗೆ ಇಲಾಖೆ ದರ ಗೊತ್ತುಮಾಡದ ಸ್ಥಳಗಳಲ್ಲಿ ಸ್ವಂತ ಕಾರಿಗೆ ಕಿ.ಮೀ.ಗೆ 16 ರೂ., ಸ್ವಂತ ಸ್ಕೂಟರಿಗೆ 8 ರೂ. ಎಂದು 2008ರಲ್ಲಿ ನಿಗದಿಯಾಯಿತು. ಏಳನೆಯ ವೇತನ ಆಯೋಗದ ನಂತರ 2017ರ ಜುಲೈನಲ್ಲಿ ಅದು 24 ರೂ. ಮತ್ತು 12 ರೂ. ಆಯಿತು. ಸ್ಕೂಟರಿಗೂ ಆಟೋರಿಕ್ಷಾಕ್ಕೂ ಒಂದೇ ದರ ಎಂಬುದನ್ನು ಗಮನಿಸಬೇಕು. ಬೈಕಿನ ನಿಜವಾದ ಖರ್ಚಿಗೆ ಹೋಲಿಸಿದರೆ ಇದು ಧಾರಾಳ ಎಂದೇ ಹೇಳಬೇಕು.

ಹಾಗಾದರೆ ಸಮಸ್ಯೆ ಎಲ್ಲಿದೆ? ಈ ದರ ಅಪರೂಪದ ಪ್ರವಾಸಕ್ಕೆ ಹೊಲಿದ ಅಂಗಿ. ಎಂದೋ ಒಮ್ಮೆ ಪ್ರವಾಸ ಹೋಗುವ ಅಧಿಕಾರಿಗೆ ಅದು ಸರಿಹೊಂದುತ್ತದೆ. ದಿನವೂ ಹಳ್ಳಿ ಸುತ್ತುವುದೇ ಕೆಲಸವಾದವನಿಗೆ ಸಿಗುವುದು ಸಾಮಾನ್ಯವಾಗಿ ಎರಡನೆಯ ದಾರಿ, ಅಂದರೆ ತಿಂಗಳ ನಿಗದಿತ ಭತ್ಯೆ. ಅದರಲ್ಲಿ ಬಿಲ್ಲಿನ ತಾಪತ್ರಯ ಕಡಿಮೆ, ನಿಜ. ಆದರೆ ಹೋಬಳಿ ಚಿಕ್ಕದಿದ್ದವನಿಗೂ ದೊಡ್ಡದಿದ್ದವನಿಗೂ ಒಂದೇ ಮೊತ್ತ. ಒಂದು ಹುದ್ದೆ ಖಾಲಿ ಬಿದ್ದು ಪಕ್ಕದ ವೃತ್ತದ ಹೊಣೆಯೂ ಹೆಗಲಿಗೆ ಬಂದರೆ ದೂರ ಎರಡರಷ್ಟಾಗುತ್ತದೆ, ಭತ್ಯೆ ಅಷ್ಟೇ ಇರುತ್ತದೆ. ಒಮ್ಮೆ ಗೊತ್ತಾದ ಮೊತ್ತ ಮತ್ತೆ ಬದಲಾಗಲು ಮುಂದಿನ ವೇತನ ಆಯೋಗದ ತನಕ ಕಾಯಬೇಕು. ಕರ್ನಾಟಕದ ಏಳನೆಯ ವೇತನ ಆಯೋಗ ರಚನೆಯಾದದ್ದು 2022ರ ನವೆಂಬರಿನಲ್ಲಿ, ಅದರ ವೇತನ ಜಾರಿಗೆ ಬಂದದ್ದು 2024ರ ಆಗಸ್ಟಿನಲ್ಲಿ. ಪೆಟ್ರೋಲ್ ಬೆಲೆಗೆ ಅಷ್ಟು ತಾಳ್ಮೆಯಿಲ್ಲ. 2017ರ ಜೂನ್ 16ರಿಂದ ಅದು ದೇಶದಾದ್ಯಂತ ದಿನವೂ ಪರಿಷ್ಕರಣೆಗೆ ಒಳಪಟ್ಟಿದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು. ನಡುವೆ ಇಳಿದು, 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಹೆಚ್ಚಾದಾಗ 103 ರೂ. ಸಮೀಪ ಬಂದು ನಿಂತಿತು.

ಮೊದಲನೆಯ ದಾರಿಯಾದ ಬಸ್ ದರದ ತೊಡಕು ಬೇರೆಯೇ. ಬಸ್ಸಿನ ಸಂಪರ್ಕವಿರುವ ಊರಿಗೆ ಸ್ವಂತ ಗಾಡಿಯಲ್ಲಿ ಹೋದರೆ ಬಸ್ಸಿನ ಖರ್ಚಿಗಿಂತ ಹೆಚ್ಚು ಕೊಡಲಾಗದು ಎಂಬುದು ಲೆಕ್ಕಪತ್ರ ವಿಭಾಗಗಳ ಹಳೆಯ ತರ್ಕ. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಕೋಟ್ಯಂತರ ಹೆಣ್ಣುಮಕ್ಕಳಿಗೆ ಇದರಿಂದ ಉಪಕಾರವಾಗಿದೆ. ಆದರೆ ಬಸ್ ದರವನ್ನೇ ಅಳತೆಗೋಲು ಮಾಡಿಕೊಂಡರೆ, ಸ್ಕೂಟರಿನಲ್ಲಿ ಹತ್ತು ಅಂಗನವಾಡಿ ಸುತ್ತುವ ಮೇಲ್ವಿಚಾರಕಿಯ ಪ್ರಯಾಣ ವೆಚ್ಚ ಕಾಗದದ ಮೇಲೆ ಸೊನ್ನೆ! ಅಳತೆಗೋಲು ತಪ್ಪಾದರೆ ಉತ್ತರ ಎಷ್ಟು ವಿಚಿತ್ರವಾಗಬಹುದು ಎಂಬುದಕ್ಕೆ ಇಷ್ಟು ಸಾಕು.

ಪೆಟ್ರೋಲ್ ಒಂದೇ ಖರ್ಚೇ?

'ಪೆಟ್ರೋಲಿಗೆ ಕೊಡ್ತೀವಲ್ಲ ರೀ' ಎಂಬುದು ಅನೇಕ ಖಾಸಗಿ ಕಂಪನಿಗಳ ಮಾತು. ಕೇಳಲು ಸರಿಯೆನಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ಓದುಗರು ತಮ್ಮ ಗಾಡಿಯ ಅಂಕಿಗಳನ್ನು ಹಾಕಿಕೊಂಡು ಇದನ್ನೇ ಮಾಡಬಹುದು.

ದಿನಕ್ಕೆ 40 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಎಂದರೆ 1,000 ಕಿ.ಮೀ., ವರ್ಷಕ್ಕೆ 12,000 ಕಿ.ಮೀ. ಕಚೇರಿ ಓಡಾಟ. ಮನೆಯ ಓಡಾಟ ಮೂರು ಸಾವಿರ ಸೇರಿಸಿ ವರ್ಷಕ್ಕೆ ಒಟ್ಟು 15,000 ಕಿ.ಮೀ. ಎಂದಿಟ್ಟುಕೊಳ್ಳೋಣ. ಗಾಡಿ 110 ಸಿ.ಸಿ.ಯ ಸಾಧಾರಣ ಬೈಕು.

ಪೆಟ್ರೋಲ್: ಲೀಟರಿಗೆ 103 ರೂ., ಹಳ್ಳಿ ದಾರಿಯಲ್ಲಿ ಲೀಟರಿಗೆ 50 ಕಿ.ಮೀ. ಎಂದರೆ ಕಿ.ಮೀ.ಗೆ 2 ರೂ. 06 ಪೈಸೆ.

ಆಯಿಲ್, ಸರ್ವಿಸ್: ಮೂರು ಸಾವಿರ ಕಿ.ಮೀ.ಗೊಮ್ಮೆ 900 ರೂ., ಅಂದರೆ 30 ಪೈಸೆ.

ಟೈರು: ಒಂದು ಜೊತೆಗೆ 3,600 ರೂ., 30,000 ಕಿ.ಮೀ. ಬಾಳಿಕೆ, ಅಂದರೆ 12 ಪೈಸೆ.

ಚೈನು, ಬ್ರೇಕು, ಕ್ಲಚ್ಚು, ಬ್ಯಾಟರಿ, ಪಂಕ್ಚರ್: ಎಲ್ಲ ಸೇರಿ 28 ಪೈಸೆ.

ವಿಮೆ: ವರ್ಷಕ್ಕೆ 1,800 ರೂ., ಕಿ.ಮೀ.ಗೆ 12 ಪೈಸೆ.

ಸವಕಳಿ: 96,000 ರೂ. ಕೊಟ್ಟು ಕೊಂಡ ಬೈಕು ಆರು ವರ್ಷ, 90,000 ಕಿ.ಮೀ. ಓಡಿದ ಮೇಲೆ 24,000 ರೂ.ಗೆ ಮಾರಾಟವಾದರೆ ಕರಗಿದ್ದು 72,000 ರೂ. ಕಿ.ಮೀ.ಗೆ 80 ಪೈಸೆ.

ಒಟ್ಟು 3 ರೂ. 68 ಪೈಸೆ. ಸಾಲದ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ಪೆಟ್ರೋಲಿನ ಪಾಲು ನೂರಕ್ಕೆ 56 ಮಾತ್ರ. ಪೆಟ್ರೋಲಿಗಷ್ಟೇ ಕೊಟ್ಟು ಕೈತೊಳೆದುಕೊಂಡರೆ ಕಿ.ಮೀ.ಗೆ 1 ರೂ. 62 ಪೈಸೆ ನೌಕರನ ಜೇಬಿನಿಂದ ಹೋಗುತ್ತದೆ. ವರ್ಷಕ್ಕೆ 19,440 ರೂ. ಅದು ದಿನದಿನ ಕಾಣುವ ಖರ್ಚಲ್ಲ. ಟೈರು ಸವೆಯುವಾಗ ಯಾರೂ ಚೀಟಿ ಕೊಡುವುದಿಲ್ಲ. ಆರನೆಯ ವರ್ಷ ಗಾಡಿ ಕೆಟ್ಟು ನಿಂತಾಗ ಒಟ್ಟಿಗೆ ಕಾಣುತ್ತದೆ.

ತಿಂಗಳಿಗೆ ಒಂದು ಸಾವಿರ ರೂ. ನಿಗದಿತ ಭತ್ಯೆ ಇದೆ ಎಂದುಕೊಂಡರೆ, ಅದು ಈ ಲೆಕ್ಕದಲ್ಲಿ ಸುಮಾರು 270 ಕಿ.ಮೀ. ಓಡಾಟಕ್ಕೆ ಸಮ. ದಿನಕ್ಕೆ 40 ಕಿ.ಮೀ. ಸುತ್ತುವವನಿಗೆ ಏಳನೆಯ ದಿನವೇ ಹಣ ಮುಗಿಯುತ್ತದೆ. ಉಳಿದ ಹದಿನೆಂಟು ದಿನ ಅವನು ಕಚೇರಿಯನ್ನು ತನ್ನ ಖರ್ಚಿನಲ್ಲಿ ನಡೆಸುತ್ತಾನೆ, ಇಲ್ಲವೇ ಹೋಗುವುದನ್ನು ಕಡಿಮೆ ಮಾಡುತ್ತಾನೆ.

ಏರುದಾರಿಗೆ ಏಕೆ ಹೆಚ್ಚು ಪೆಟ್ರೋಲ್?

ಜಾಹೀರಾತಿನ ಮೈಲೇಜಿಗೂ ಮಂಚೇನಹಳ್ಳಿ ದಾರಿಯ ಮೈಲೇಜಿಗೂ ಅಂತರ ಏಕೆಂಬುದು ಭೌತವಿಜ್ಞಾನದ ಸರಳ ಪಾಠ. ಪ್ರಯೋಗಾಲಯದ ಪರೀಕ್ಷೆ ನಡೆಯುವುದು ಹದವಾದ ವೇಗದಲ್ಲಿ, ಸಮತಟ್ಟಾದ ಉರುಳೆಗಳ ಮೇಲೆ. ಹಳ್ಳಿಯ ದಾರಿಯಲ್ಲಿ ಉಬ್ಬು, ಗುಂಡಿ, ಕುರಿಮಂದೆ, ಮೇಲಿಂದ ಮೇಲೆ ಗೇರು.

ಬೈಕು 110 ಕೆ.ಜಿ., ಸವಾರ 70 ಕೆ.ಜಿ., ಒಟ್ಟು 180 ಕೆ.ಜಿ. ಈ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 1.76 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 320 ಲಕ್ಷ ಜೂಲ್‌ನಷ್ಟು ಶಾಖವಿದ್ದರೂ ಸಣ್ಣ ಇಂಜಿನ್ನು ಅದರಲ್ಲಿ ಐದನೆಯ ಒಂದು ಪಾಲನ್ನು ಚಕ್ರಕ್ಕೆ ಮುಟ್ಟಿಸಿದರೆ ಹೆಚ್ಚು. ಉಳಿದದ್ದು ಹೊಗೆ ಮತ್ತು ಬಿಸಿ. ಹೀಗಾಗಿ ನೂರು ಮೀಟರ್ ಏರಿಗೆ 30 ಮಿ.ಲೀ. ಹತ್ತಿರ ಪೆಟ್ರೋಲ್, ಅಂದರೆ ಮೂರು ರೂಪಾಯಿ, ಹೆಚ್ಚಿಗೆ ಬೇಕು. ಇಳಿಜಾರಿನಲ್ಲಿ ಅಷ್ಟೂ ವಾಪಸು ಸಿಗುವುದಿಲ್ಲ. ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಗಾಳಿಯ ತಡೆಯೂ ಹಾಗೆಯೇ. ವೇಗ 40ರಿಂದ 60 ಕಿ.ಮೀ.ಗೆ ಏರಿದರೆ ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಇತ್ತೀಚಿನ ಇನ್ನೊಂದು ಅಂಶ ಎಥೆನಾಲ್. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ನೂರಕ್ಕೆ 20 ಆಯಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಾಖ ಪೆಟ್ರೋಲಿನ ಮೂರನೆಯ ಎರಡರಷ್ಟು. ಬೆರಕೆಯ ಲೀಟರಿನಲ್ಲಿ ಶಾಖ ನೂರಕ್ಕೆ ಆರು-ಏಳರಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಹೊಂದುವಂತೆ ತಯಾರಾದ ಇಂಜಿನ್ನು ಇದರಲ್ಲಿ ಒಂದಿಷ್ಟನ್ನು ಸರಿದೂಗಿಸುತ್ತದೆ. ಹಳೆಯ ಗಾಡಿಯವರಿಗೆ ನಷ್ಟ ಜಾಸ್ತಿ. 'ಲೀಟರಿಗೆ 65 ಕಿ.ಮೀ.' ಎಂದು ಕಂಪನಿಯ ಪುಸ್ತಕ ನೋಡಿ ಭತ್ಯೆ ಕಟ್ಟುವವರು ಈ ಯಾವುದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಸುವಿನ ಬೆದೆ ಬಿಲ್ಲಿಗೆ ಕಾಯದು

ಇದು ನೌಕರರ ಜೇಬಿನ ಪ್ರಶ್ನೆ ಮಾತ್ರ ಆಗಿದ್ದರೆ ಸಂಘದ ಮನವಿ ಪತ್ರಕ್ಕೆ ಬಿಟ್ಟುಬಿಡಬಹುದಿತ್ತು. ಆದರೆ ಗಾಡಿ ಹೊರಡದಿದ್ದರೆ ನಷ್ಟ ತಟ್ಟುವುದು ದಾರಿಯ ಆ ತುದಿಯಲ್ಲಿ ಕಾದಿರುವವರಿಗೆ.

ಹಸುವಿನ ಬೆದೆಯನ್ನೇ ನೋಡಿ. ಬೆಳಿಗ್ಗೆ ಲಕ್ಷಣ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬುದು ಹೈನುಗಾರಿಕೆಯ ಮೊದಲ ಪಾಠ. ಆ ಗಳಿಗೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ದಂಡ. ಕರು ತಡ, ಹಾಲೂ ತಡ. ಚಿಂತಾಮಣಿಯ ಒಳ ಹಳ್ಳಿಯ ರೈತ ಫೋನ್ ಮಾಡಿದಾಗ 'ನಾಳೆ ಆ ಕಡೆ ಬರ್ತೀನಿ' ಎಂಬ ಉತ್ತರ ಬಂದರೆ ಅದರ ಹಿಂದೆ ಸೋಮಾರಿತನವೇ ಇರಬೇಕೆಂದಿಲ್ಲ. ಎರಡು ಕೆಲಸ ಸೇರಿಸಿ ಒಂದೇ ಓಡಾಟದಲ್ಲಿ ಮುಗಿಸುವ ಪೆಟ್ರೋಲಿನ ಲೆಕ್ಕ ಇದ್ದೀತು.

ಶಿಡ್ಲಘಟ್ಟದ ರೇಷ್ಮೆಯೂ ಹಾಗೆಯೇ. ಇಲ್ಲಿನ ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಮನೆಗಳು ನಾಡಿಗೇ ಪ್ರಸಿದ್ಧ. ಆದರೆ ಗೂಡು ಮಾರುಕಟ್ಟೆಗೆ ಬರುವ ಮೊದಲು ಹುಳು ನಾಲ್ಕು ಜ್ವರ ದಾಟಬೇಕು. ಐದನೆಯ ಹಂತವಂತೂ ಏಳೆಂಟು ದಿನ ಮಾತ್ರ. ಒಟ್ಟು ಸೊಪ್ಪಿನ ಬಹುಪಾಲನ್ನು ಹುಳು ತಿನ್ನುವುದು ಆಗಲೇ. ರೋಗ ಕಂಡುಕೊಂಡು ಹುಳು ಬೇರ್ಪಡಿಸುವುದು, ಮನೆ ಸೋಂಕು ತೊಳೆಯುವುದು ಎಲ್ಲ ಗಂಟೆಗಳ ಲೆಕ್ಕದ ಕೆಲಸ. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಬೆಳೆಗಾರರನ್ನು ಎಷ್ಟು ಕಾಡಿತೆಂಬುದನ್ನು ಹಳಬರು ಮರೆತಿಲ್ಲ. ಹುಳುವಿನ ಮೈಮೇಲಿನ ಸಣ್ಣ ಬಿಳಿ ಮೊಟ್ಟೆ ಎರಡು-ಮೂರು ದಿನದಲ್ಲಿ ಒಡೆದು ಮರಿ ಒಳಗೆ ಕೊರೆದುಹೋದ ಮೇಲೆ ಯಾವ ಪುಡಿಯೂ ಪ್ರಯೋಜನವಿಲ್ಲ. ತಿಳಿದವರು ವಾರಕ್ಕೆರಡು ಸಲ ಬರುವುದಕ್ಕೂ ತಿಂಗಳಿಗೊಮ್ಮೆ ಬರುವುದಕ್ಕೂ ಇರುವ ವ್ಯತ್ಯಾಸ ಒಂದು ಬೆಳೆ.

ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದಾಗ ಅವರ ಮಾತಿನ ತಿರುಳೂ ಇದೇ ಆಗಿತ್ತು. ಕೆಲಸಕ್ಕೆ ಬೇಕಾದ ಸಾಧನ ಸೌಕರ್ಯಗಳನ್ನು ಕೊಟ್ಟು ಕೆಲಸ ಕೇಳಿ ಎಂದು.

ಅಪಘಾತವಾದರೆ?

ಗಾಡಿ ಸ್ವಂತದ್ದಾದ್ದರಿಂದ ವಿಮೆಯೂ ಸ್ವಂತದ್ದೇ. ಇಲ್ಲಿ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಖಾಸಗಿ ಬೈಕಿನ ಸಾಮಾನ್ಯ ವಿಮಾ ಪತ್ರದಲ್ಲಿ ಬಳಕೆಯ ಮಿತಿ ಬರೆದಿರುತ್ತದೆ. ಬಾಡಿಗೆಗೆ ಓಡಿಸಬಾರದು, ಮಾದರಿ ಸರಕು ಮತ್ತು ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸಬಾರದು, ಪಂದ್ಯಕ್ಕೆ ಬಳಸಬಾರದು. ಹೀಗಾಗಿ ಔಷಧದ ಸ್ಯಾಂಪಲ್ ಚೀಲ ಇಟ್ಟುಕೊಂಡು ಗೌರಿಬಿದನೂರಿನ ವೈದ್ಯರನ್ನು ಕಾಣಲು ಹೋಗುವ ಪ್ರತಿನಿಧಿಗೆ ತೊಂದರೆಯಿಲ್ಲ. ಅದೇ ಬೈಕಿಗೆ ಅಂಗಡಿಗಳಿಗೆ ಹಂಚುವ ಪೆಟ್ಟಿಗೆಗಳನ್ನು ಕಟ್ಟಿ ಕಳಿಸಿದರೆ, ಅಪಘಾತವಾದ ದಿನ ವಿಮಾ ಕಂಪನಿ ಆ ಮಿತಿಯ ಸಾಲನ್ನು ತೋರಿಸಬಹುದು. ಎರಡನೆಯದು, ಮಾಲೀಕ-ಸವಾರನ ಸ್ವಂತ ಅಪಘಾತ ವಿಮೆ. 15 ಲಕ್ಷ ರೂ. ಮೊತ್ತದ ಈ ರಕ್ಷಣೆ ಕಡ್ಡಾಯವಾದದ್ದು 2018ರ ನಂತರ. ಕೇವಲ ಮೂರನೆಯವರ ವಿಮೆ ಮಾಡಿಸಿ ಇದನ್ನು ಬಿಟ್ಟವರ ಮನೆಯವರಿಗೆ ಕಷ್ಟ ಕಾಲದಲ್ಲಿ ಕೈಗೆ ಏನೂ ಸಿಗದು.

ಕೆಲಸದ ಓಡಾಟದಲ್ಲಾದ ಅಪಘಾತ ಕೆಲಸದ ಅಪಘಾತವೇ ಎಂಬ ತತ್ವ ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಬೇರೂರಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯಿಂದ ಕೆಲಸಕ್ಕೆ ಹೋಗುವಾಗ ಆದ ಅಪಘಾತವೂ ಕೆಲಸದೊಂದಿಗೆ ಅದರ ಸಂಬಂಧ ಸಾಬೀತಾದರೆ ಪರಿಹಾರಕ್ಕೆ ಅರ್ಹ ಎಂದಿತು. ಈ ಹಕ್ಕನ್ನು ಸಾಬೀತುಪಡಿಸಲು ಬೇಕಾದದ್ದು ಒಂದು ದಾಖಲೆ: ಅಂದು ಯಾವ ಕೆಲಸಕ್ಕೆ, ಯಾವ ಊರಿಗೆ ಹೊರಟಿದ್ದೆ ಎಂಬ ಡೈರಿ. ಕಿಲೋಮೀಟರ್ ಲೆಕ್ಕ ಬರೆದಿಡುವ ಅಭ್ಯಾಸ ಭತ್ಯೆಗಷ್ಟೇ ಅಲ್ಲದೆ ಇದಕ್ಕೂ ಬಂದೀತು.

ಖಾಸಗಿ ನೌಕರರಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ವಾಹನ ಭತ್ಯೆಯನ್ನೂ, ಕೆಲಸದ ಸ್ವರೂಪದಿಂದಾಗಿ ತಗಲುವ ವಿಶೇಷ ಖರ್ಚಿನ ಭರ್ತಿಯನ್ನೂ 'ವೇತನ'ದಿಂದ ಹೊರಗಿಟ್ಟಿದ್ದಾರೆ. ಖರ್ಚು ಭರ್ತಿ ಸಂಬಳವಲ್ಲ ಎಂಬ ತತ್ವ ಇಲ್ಲಿ ಸ್ಪಷ್ಟ. ಆದರೆ ಕಿಲೋಮೀಟರಿಗೆ ಇಷ್ಟು ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಅದು ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಕೆಲಸಕ್ಕೆ ಸೇರುವ ಹುಡುಗರು ಸಂಬಳದ ಅಂಕಿ ನೋಡಿ ಸಹಿ ಮಾಡುವ ಮೊದಲು ಈ ಸಾಲನ್ನು ಹುಡುಕುವುದು ಒಳ್ಳೆಯದು.

ಹೊರಗಿನವರು ಹೇಗೆ ಮಾಡುತ್ತಾರೆ?

ಅಮೆರಿಕದ ತೆರಿಗೆ ಇಲಾಖೆ ವರ್ಷವರ್ಷವೂ ವಾಹನದ ಸ್ಥಿರ ಮತ್ತು ಚರ ಖರ್ಚುಗಳನ್ನು ಅಧ್ಯಯನ ಮಾಡಿ ಮೈಲಿಗೆ ಒಂದು ದರ ಪ್ರಕಟಿಸುತ್ತದೆ. 2025ಕ್ಕೆ ಅದು 70 ಸೆಂಟ್. 2022ರಲ್ಲಿ ಇಂಧನ ಬೆಲೆ ಜಿಗಿದಾಗ ವರ್ಷ ಮುಗಿಯುವವರೆಗೆ ಕಾಯದೆ, ಜುಲೈ 1ರಿಂದಲೇ 58.5 ಸೆಂಟನ್ನು 62.5ಕ್ಕೆ ಏರಿಸಿತು. ಬ್ರಿಟನ್ 2011ರಲ್ಲಿ ಕಾರಿಗೆ ಮೊದಲ ಹತ್ತು ಸಾವಿರ ಮೈಲಿಗೆ 45 ಪೆನ್ನಿ, ಅದರಾಚೆಗೆ 25 ಪೆನ್ನಿ ಎಂದು ಗೊತ್ತುಮಾಡಿತು. ಹೆಚ್ಚು ಓಡಿದಷ್ಟೂ ವಿಮೆಯಂಥ ಸ್ಥಿರ ಖರ್ಚು ಹಂಚಿಹೋಗುತ್ತದೆ ಎಂಬ ತಿಳಿವಳಿಕೆ ಈ ಎರಡು ಮೆಟ್ಟಿಲಿನಲ್ಲಿದೆ. ಮೋಟಾರ್ ಸೈಕಲ್ಲಿಗೆ 24 ಪೆನ್ನಿ. ಕಾಲಿನಲ್ಲಿ ತುಳಿಯುವ ಸೈಕಲ್ಲಿಗೂ 20 ಪೆನ್ನಿ! ಮಾಲೀಕ ಇದಕ್ಕಿಂತ ಕಡಿಮೆ ಕೊಟ್ಟರೆ ಉಳಿದ ಮೊತ್ತಕ್ಕೆ ನೌಕರ ತೆರಿಗೆಯಲ್ಲಿ ವಿನಾಯಿತಿ ಕೇಳಬಹುದು. ಆದರೆ 45 ಪೆನ್ನಿಯ ಆ ಅಂಕಿ ವರ್ಷಾನುಗಟ್ಟಲೆ ಮಿಸುಕದೆ ಉಳಿದದ್ದಕ್ಕೆ ಅಲ್ಲಿನ ಕಾರ್ಮಿಕ ಸಂಘಗಳೂ ಗೊಣಗಿವೆ. ದರ ಕಟ್ಟುವುದು ಎಷ್ಟು ಮುಖ್ಯವೋ ಅದನ್ನು ಕಾಲಕಾಲಕ್ಕೆ ತಿದ್ದುವುದೂ ಅಷ್ಟೇ ಮುಖ್ಯ ಎಂಬುದು ಎರಡೂ ದೇಶಗಳಿಂದ ಸಿಗುವ ಪಾಠ.

ಹದವಾದ ದಾರಿ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಿಲೋಮೀಟರಿಗಿಷ್ಟು ಎಂದು ಉದಾರವಾಗಿ ಕೊಟ್ಟರೆ 'ಕಾಗದದ ಮೇಲಿನ ಪ್ರವಾಸ' ಶುರುವಾಗುತ್ತದೆ ಎಂಬ ಭಯ ಮೇಲಧಿಕಾರಿಗಳಿಗೆ ಉಂಟು. ಟಿ.ಎ. ಬಿಲ್ಲಿನ ಜೋಕುಗಳು ಸುಮ್ಮನೆ ಹುಟ್ಟಿದವಲ್ಲ. ಮನೆಯಿಂದ ಕಚೇರಿಗೆ ಬರುವ ದೂರವನ್ನೂ ಸೇರಿಸುವವರಿದ್ದಾರೆ. ಅದು ಕಚೇರಿಯ ಖರ್ಚಲ್ಲ. ಒಂದೇ ಬೈಕಿನಲ್ಲಿ ಇಬ್ಬರು ಹೋಗಿ ಎರಡು ಬಿಲ್ ಬರೆಯುವವರೂ ಇದ್ದಾರೆ. ಆದ್ದರಿಂದ ನ್ಯಾಯ ಎರಡೂ ಕಡೆಗೆ ಇರುವ ಪದ್ಧತಿ ಬೇಕು. ಅದೇನೂ ಕಷ್ಟದ ಕೆಲಸವಲ್ಲ.

ಮೊದಲು ದೂರಪಟ್ಟಿ. ಒಂದು ತಾಲ್ಲೂಕಿನ ಹಳ್ಳಿ ಹಳ್ಳಿಗಳ ನಡುವಿನ ದೂರ ಬದಲಾಗುವುದಿಲ್ಲ. ಒಮ್ಮೆ ಅಳೆದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ವಾದವೇ ಇಲ್ಲ. ನೌಕರ ಎಲ್ಲಿದ್ದಾನೆಂದು ಮೊಬೈಲಿನಿಂದ ಹಾಜರಿ ಹಿಡಿಯುವ ಪದ್ಧತಿ ಅನೇಕ ಕಂಪನಿಗಳಲ್ಲಿ, ಇಲಾಖೆಗಳಲ್ಲಿ ಬಂದಿದೆ. ಹಾಜರಿ ಹಿಡಿಯಲು ಬರುವ ಯಂತ್ರಕ್ಕೆ ಕಿಲೋಮೀಟರ್ ಎಣಿಸಲು ಬಾರದೇ?

ಎರಡನೆಯದಾಗಿ, ಭತ್ಯೆಯನ್ನು ಎರಡು ಪಾಲು ಮಾಡುವುದು. ವಿಮೆ, ವಯಸ್ಸಿನಿಂದಾಗುವ ಸವಕಳಿಗಳು ಗಾಡಿ ನಿಂತರೂ ತಗಲುವ ಖರ್ಚು. ಅದಕ್ಕೆ ತಿಂಗಳಿಗಿಷ್ಟು ಎಂಬ ಸಣ್ಣ ನಿಗದಿತ ಮೊತ್ತ. ಪೆಟ್ರೋಲು, ಆಯಿಲು, ಟೈರಿಗೆ ಓಡಿದ ಕಿಲೋಮೀಟರಿನ ಲೆಕ್ಕ. ಇದರಿಂದ ಚಿಕ್ಕ ವೃತ್ತದವನಿಗೆ ಪುಕ್ಕಟೆ ಲಾಭವಿಲ್ಲ, ದೊಡ್ಡ ವೃತ್ತದವನಿಗೆ ನಷ್ಟವಿಲ್ಲ. ವಿದ್ಯುತ್ ಸ್ಕೂಟರ್ ಕೊಂಡವರಿಗೂ ಇದು ಅಗತ್ಯ. ಅವರ ವಿದ್ಯುತ್ ಖರ್ಚು ಕಿ.ಮೀ.ಗೆ ಕೆಲವೇ ಪೈಸೆ. 'ಇಂಧನಕ್ಕೆ ಮಾತ್ರ' ಎಂದರೆ ಅವರಿಗೆ ಸಿಗುವುದು ಚಿಲ್ಲರೆ; ಬ್ಯಾಟರಿಯ ಸವಕಳಿ ಪೂರ್ತಿ ತಲೆಯ ಮೇಲೆ.

ಮೂರನೆಯದು ತಿದ್ದುಪಡಿಯ ಸೂತ್ರ. ಲೀಟರಿಗೆ 50 ಕಿ.ಮೀ. ಲೆಕ್ಕದಲ್ಲಿ ಪೆಟ್ರೋಲ್ ಬೆಲೆ 5 ರೂ. ಏರಿದರೆ ಕಿ.ಮೀ.ಗೆ 10 ಪೈಸೆ ಏರಿಸಬೇಕು, 5 ರೂ. ಇಳಿದರೆ 10 ಪೈಸೆ ಇಳಿಸಬೇಕು. ಮೂರು ತಿಂಗಳಿಗೊಮ್ಮೆ ಗುಮಾಸ್ತರೊಬ್ಬರು ಎರಡು ನಿಮಿಷದಲ್ಲಿ ಮಾಡುವ ಲೆಕ್ಕ ಇದು. ಆಯೋಗ, ಸಮಿತಿಗಳ ಅಗತ್ಯವಿಲ್ಲ.

ಕಡೆಯದು, ಹಣ ಸಕಾಲಕ್ಕೆ ಕೈಸೇರುವುದು. ಬಂಕಿನವನು ಸಾಲ ಕೊಡುವುದಿಲ್ಲ. ಇಂದು ಹಾಕಿಸಿದ ಪೆಟ್ರೋಲಿಗೆ ಆರು ತಿಂಗಳ ನಂತರ, ಅನುದಾನ ಬಂದಾಗ ಹಣ ಕೊಟ್ಟರೆ ನೌಕರ ಕಚೇರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ.

ಈ ಸೀಮೆಯ ಬೇಸಾಯಗಾರರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಬರುವ ಮೊದಲು, ಬರೀ ಕೈಯಲ್ಲಿ ಬಂದ ಆಳಿಗೆ ಒಂದು ಕೂಲಿ, ತನ್ನ ನೇಗಿಲು ಎತ್ತು ಹೊಡೆದುಕೊಂಡು ಬಂದ ಆಳಿಗೆ ಇನ್ನೊಂದು ಕೂಲಿ ಎಂಬುದು ಊರೂರಲ್ಲೂ ನಡೆದ ಮಾತಾಗಿತ್ತು. ಎತ್ತಿನ ಮೇವು, ಲಾಳ, ಅದು ಮುದಿಯಾಗುವ ನಷ್ಟ, ಎಲ್ಲವೂ ಆ ಹೆಚ್ಚಿನ ಕೂಲಿಯಲ್ಲಿ ಸೇರಿರುತ್ತಿತ್ತು. ಅದನ್ನು ಕೊಡದ ಹೊಲದವನಿಗೆ ಮರುವರ್ಷ ಹದ ಬಂದಾಗ ಏರು ಸಿಗುತ್ತಿರಲಿಲ್ಲ. ಇಂದು ಬೈಕು ಹತ್ತಿ ಹೊರಡುವ ನೌಕರನದೂ ಅದೇ ಲೆಕ್ಕ. ಹೊಲದ ಬದಿಯಲ್ಲಿ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತಿದ್ದದ್ದನ್ನು ಕಚೇರಿಯ ಕಡತದಲ್ಲಿ ಬರೆಯುವುದಷ್ಟೇ ಬಾಕಿ.